ಪಕ್ಕದ ಸೀಟಿನ ಬ್ರೇಕು

ಮಾವನ ಹತ್ತಿರ ಕಣ್ಣಿನ ಪರೀಕ್ಷೆ ಎಂದರೆ ಪೂರ್ತಿ ಸುಳ್ಳೇನೂ ಆಗುವುದಿಲ್ಲ ಎಂದು ಅವಳು ಬೆಳಗಿನಿಂದ ನಾಲ್ಕನೆಯ ಸಲ ತನಗೆ ತಾನೇ ಹೇಳಿಕೊಂಡಳು. ಯಾವ ಡಾಕ್ಟರಾದರೂ ಒಮ್ಮೆ ಕಣ್ಣಿಗೆ ಟಾರ್ಚು ಬಿಟ್ಟೇ ಬಿಡುತ್ತಾರೆ. ಮೇಲಾಗಿ ಇದು ಮಾವನ ಲೈಸೆನ್ಸು ನವೀಕರಿಸಬೇಕಾದ ವರ್ಷ, ಅದಕ್ಕೆ ಕಣ್ಣಿನ ಸರ್ಟಿಫಿಕೇಟು ಬೇಕೇ ಬೇಕು. ಹೀಗೆ ಎರಡು ನಿಜಗಳ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಒಂದು ಸುಳ್ಳನ್ನು ಎಲ್ಲೂ ತಾಗಿಸದೆ ನಿಲ್ಲಿಸುವುದು ತನಗೆ ಇಷ್ಟು ಚೆನ್ನಾಗಿ ಬರುತ್ತದೆಂದು ಹತ್ತೊಂಬತ್ತು ವರ್ಷ ಈ ಮನೆಯ ಸೊಸೆಯಾಗಿದ್ದೂ ಅವಳಿಗೆ ಗೊತ್ತಿರಲಿಲ್ಲ. ಕೈಚೀಲದ ಒಳಜೇಬಿನಲ್ಲಿ ಚೀಟಿ ಇತ್ತು: ನೆನಪಿನ ತೊಂದರೆಗಳ ವಿಭಾಗ, ಮೂರನೆಯ ಮಹಡಿ, ಮಧ್ಯಾಹ್ನ ಮೂರೂವರೆ. ಈಗ ಕಾರಿನಲ್ಲಿ ಅವಳ ಪಕ್ಕ, ಸ್ಟೀರಿಂಗಿನ ಹಿಂದೆ, ನರ್ಸಮ್ಮ ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗಿ ಕೂತಿದ್ದರು. ಐವತ್ತೆರಡು ವರ್ಷದ ಹೆಂಗಸು, ಇದು ಹನ್ನೆರಡನೆಯ ಕ್ಲಾಸು, ಇನ್ನೂ ಕ್ಲಚ್ಚನ್ನು ಹಸಿ ಗಾಯದ ಬ್ಯಾಂಡೇಜು ಬಿಚ್ಚುವ ಹಾಗೆ ಅಳೆದು ಸುರಿದು ಬಿಡುತ್ತಿದ್ದರು. "ಹೆಗಲು ಇಳಿಸಿ ನರ್ಸಮ್ಮ. ಕಾರು ಓಡೋದು ಪೆಟ್ರೋಲಿಂದ, ಹೆಗಲಿಂದ ಅಲ್ಲ" ಎಂದಳು. ಹೇಳಿದ ಮೇಲೆ ಅದು ಮಾವನ ಮಾತು ಎಂದು ನೆನಪಾಯಿತು. ಪಾಠ ಹೇಳುವಾಗ ಅವಳ ಬಾಯಿಂದ ಬರುವುದರಲ್ಲಿ ಮುಕ್ಕಾಲು ಪಾಲು ಮಾವನವೇ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಆ ಮನೆಗೆ ಬಂದಾಗ ರಸ್ತೆ ದಾಟಲೂ ಹೆದರುವವಳು. ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ, ಎಲ್ಲರೂ ಮೇಷ್ಟ್ರು ಎಂದು ಕರೆಯುತ್ತಿದ್ದ ಮಾವ ಮೂರನೆಯ ತಿಂಗಳಿಗೆ ಅವಳನ್ನು ತಮ್ಮ ಕಾರಿನಲ್ಲಿ ಕೂರಿಸಿದರು. ಎರಡನೆಯ ಗೇರಿನಿಂದ ಮೂರಕ್ಕೆ ಹೋಗಲು ಅವಳ ಕೈ ಏಳುತ್ತಲೇ ಇರಲಿಲ್ಲ. "ಮೂರಕ್ಕೆ ಹಾಕೋಕೆ ಒಳ್ಳೇ ಗಳಿಗೆ ನೋಡ್ತಿದೀಯಾ?" ಎಂದು ಕೇಳಿದ್ದರು. ಅವತ್ತಿನಿಂದ ಅವಳ ಹೆಸರು ಸೆಕೆಂಡ್ ಗೇರು. ಎಂಟು ವರ್ಷವಾದ ಮೇಲೆ ಸ್ಕೂಲಿಗೆ ಎರಡನೆಯ ಕಾರು ಬಂದಾಗ, ಅದರ ಪಕ್ಕದ ಸೀಟಿನಲ್ಲಿ, ಕಲಿಸುವವರ ಕಾಲ ಬುಡದಲ್ಲಿರುವ ಆ ಇನ್ನೊಂದು ಬ್ರೇಕಿನ ಮೇಲೆ ಅವಳ ಪಾದ ಇಡಿಸಿ, ಮಾವ ಒಂದೇ ಒಂದು ಪಾಠ ಹೇಳಿದರು. "ಒತ್ತೋ ಮುಂಚೆ ಬಾಯಿಬಿಟ್ಟು ಹೇಳು, ನಿಲ್ಲಿಸ್ತೀನಿ ಅಂತ. ಹೇಳದೆ ಒತ್ತಿದ್ರೆ ಕಲಿಯೋನು ಕಾರು ತಾನಾಗೇ ನಿಂತಿತು ಅಂದ್ಕೋತಾನೆ. ಅವನ ತಪ್ಪು ಅವನಿಗೆ ಸಿಗೋದೇ ಇಲ್ಲ."

ಮೂರು ವಾರದ ಹಿಂದೆ ನರ್ಸಮ್ಮ ಮಾವನ ಕಾರಿನಲ್ಲಿ ಕಲಿಯುತ್ತಿದ್ದರು. ಆ ದಿನ ಕ್ಲಾಸು ಮುಗಿದ ಮೇಲೆ ಮನೆಗೆ ಹೋಗದೆ ಸ್ಕೂಲಿನ ಬಾಗಿಲಲ್ಲಿ ಅವಳಿಗಾಗಿ ಕಾದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ, ದನಿ ಮಾತ್ರ ಆಸ್ಪತ್ರೆಯ ದನಿ. "ಅಮ್ಮಾ, ಜೀಬ್ರಾ ಪಟ್ಟೆ ಹತ್ರ ಒಬ್ರು ಮುದುಕರು ದಾಟ್ತಿದ್ರು. ನಾನು ಗಾಬರೀಲಿ ಬ್ರೇಕಿನ ಬದಲು ಕ್ಲಚ್ಚು ಒತ್ತಿಬಿಟ್ಟೆ. ಮೇಷ್ಟ್ರು ನಿಲ್ಲಿಸ್ತಾರೆ ಅಂದ್ಕೊಂಡಿದ್ದೆ. ಅವರು ಕಾಲಿಡಲಿಲ್ಲ. ಬಂಪರು ಆ ಮುದುಕರ ಊರುಗೋಲಿಗೆ ತಾಗ್ತು. ಟಕ್ ಅಂತ ಸದ್ದಾಯ್ತು, ಆಮೇಲೆ ನನ್ನ ಕಾಲಿಗೆ ಬುದ್ಧಿ ಬಂತು." ಆಮೇಲೆ, ಬೇರೆ ಯಾರಿಗೂ ಕೇಳಿಸದ ಹಾಗೆ, "ನಾನು ಡಾಕ್ಟರಲ್ಲ. ಇಪ್ಪತ್ತೆಂಟು ವರ್ಷ ವಾರ್ಡಲ್ಲಿದೀನಿ ಅಷ್ಟೆ. ಇವತ್ತು ನನ್ನನ್ನ ಮೂರು ಸಲ ಹೊಸಬರಾ ಅಂತ ಕೇಳಿದ್ರು. ಒಂದ್ಸಲ ತೋರಿಸಿ. ಬೇಗ ತೋರಿಸಿ" ಎಂದರು. ಅವಳು ಆಗ ಏನು ಹೇಳಿದಳು? ಮಾವನಿಗೆ ಎರಡು ದಿನದಿಂದ ನೆಗಡಿ ಎಂದಳು. ಹೇಳುವಾಗಲೇ ಕಿವಿ ಬಿಸಿಯಾಗಿತ್ತು. ಏಕೆಂದರೆ ನರ್ಸಮ್ಮ ಹೇಳಿದ್ದು ಅವಳಿಗೆ ಹೊಸತಾಗಿರಲಿಲ್ಲ. ಎಂಟು ತಿಂಗಳಿಂದ, ಅಷ್ಟಿಷ್ಟು ಕಲಿತವರನ್ನೇ ನೋಡಿ ಮಾವನ ಕಾರಿಗೆ ಹಾಕುತ್ತಿದ್ದವಳು ಅವಳು. ದಿನದ ಚೀಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಚಿಕ್ಕ ಅಕ್ಷರದಲ್ಲಿ, ಮಾವನಿಗೆ ಗುರುತು ಸಿಗಲೆಂದು, 'ಕೆಂಪು ಕನ್ನಡಕ, ಐದನೇ ಕ್ಲಾಸು', 'ಉದ್ದ ಕುತ್ತಿಗೆ, ರಿವರ್ಸ್ ಬರಲ್ಲ' ಎಂದು ಬರೆದಿಡುತ್ತಿದ್ದವಳೂ ಅವಳೇ. ಮಾವ ಆ ಚೀಟಿ ನೋಡಿಕೊಂಡು ಹೊರಗೆ ಬಂದು "ಏನು, ರಿವರ್ಸು ಇವತ್ತು ಒಂದು ಕೈ ನೋಡೇಬಿಡೋಣ್ವಾ?" ಎಂದು ಉದ್ದ ಕುತ್ತಿಗೆಯವನ ಬೆನ್ನು ತಟ್ಟುವುದನ್ನು ಕಿಟಕಿಯಿಂದ ನೋಡಿ ಸಮಾಧಾನಪಡುತ್ತಿದ್ದಳು. ಆ ಊರುಗೋಲಿನ ಮುದುಕರು ಒಂದು ಹೆಜ್ಜೆ ಮುಂದಿದ್ದಿದ್ದರೆ ಎಂಬಲ್ಲಿಗೆ ಬಂದು ಅವಳ ಯೋಚನೆ ದಿನಾ ನಿಂತುಬಿಡುತ್ತಿತ್ತು.

"ಎಡಕ್ಕಾ?" ಎಂದರು ನರ್ಸಮ್ಮ. "ಎಡಕ್ಕೇ. ಮೊದಲು ಕನ್ನಡಿ." ಕಾರು ತಿರುಗಿತು. ಬೇಕರಿಯ ಮುಂದೆ ಜನ ಸಾಲಿನಲ್ಲಿ ನಿಂತಿದ್ದರು. ಹೋದ ಭಾನುವಾರ ಊಟದ ಮೇಜಿನಲ್ಲಿ ಅವಳು ಈ ವಿಷಯ ತೆಗೆದಿದ್ದಳು. ಮಾವ ಒಳಗೆ ಮಲಗಿದ್ದರು. ಗಂಡನ ಅಕ್ಕ ಬೇರೆ ಊರಿನಿಂದ ಬಂದಿದ್ದಳು, ಅಪ್ಪನ ಕೈಹಿಡಿದು ಎರಡು ಗಂಟೆ ನಕ್ಕು ಮಾತಾಡಿದ್ದಳು. ಮಾವನೂ ಹಳೆಯದನ್ನೆಲ್ಲ ಇಸವಿ ಸಮೇತ ಹೇಳಿ ನಗಿಸಿದ್ದರು. ಡಾಕ್ಟರಿಗೆ ತೋರಿಸೋಣ ಎಂದು ಅವಳು ಬಾಯಿಬಿಟ್ಟದ್ದೇ ಅತ್ತಿಗೆ ತಟ್ಟೆಯನ್ನು ಒಂದು ಗೇಣು ದೂರ ಸರಿಸಿದಳು. "ಮರೆವು ಯಾರಿಗಿಲ್ಲ? ನಾನು ಮೊನ್ನೆ ಒಲೆ ಆರಿಸೋದೇ ಮರೆತೆ. ಅಪ್ಪನಿಗೆ ತಲೆ ನೆಟ್ಟಗಿಲ್ಲ ಅಂತ ಒಂದು ಕಾಗದ ಬರೆಸಿಬಿಟ್ರೆ ಆಮೇಲೆ ಸ್ಕೂಲು ಯಾರದಾಗುತ್ತೆ ಅಂತ ತಿಳ್ಕೊಳ್ಳದಷ್ಟು ದಡ್ಡಿ ಅಲ್ಲ ನಾನು." ಗಂಡ ಏನಾದರೂ ಹೇಳುತ್ತಾನೆಂದು ಕಾದಳು. ಅವನು ನೀರಿನ ಜಗ್ಗನ್ನು ಅಕ್ಕನ ಕಡೆಗೆ ತಳ್ಳಿದ. ಅವಳು ಎದ್ದು ಹೋಗಿ ಪಾತ್ರೆ ತೊಳೆದಳು. ನಲ್ಲಿಯನ್ನು ಜೋರಾಗಿ ಬಿಟ್ಟು, ಅಳುವಿಲ್ಲದಿದ್ದರೂ ಅಳುವ ಸದ್ದನ್ನು ಮುಚ್ಚುವವಳ ಹಾಗೆ. ಅವಮಾನವಾದದ್ದು ಅತ್ತಿಗೆಯ ಮಾತು ಸುಳ್ಳು ಎಂಬುದಕ್ಕಲ್ಲ, ಅದರಲ್ಲಿ ನಿಜದ ಪಾಲೂ ಇತ್ತು ಎಂಬುದಕ್ಕೆ. ಸ್ಕೂಲಿನ ಬೋರ್ಡನ್ನು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಹೊಸದಾಗಿ ಬರೆಸಿದ್ದಳು, ಹಳದಿಯ ಬದಲು ಬಿಳಿ. ಗೋಡೆಯಲ್ಲಿ ಬಣ್ಣ ಹೋದ ರಸ್ತೆ ಚಿಹ್ನೆಗಳ ಪಟವನ್ನು ಇಳಿಸಿದ್ದಳು. ಹೆಣ್ಣುಮಕ್ಕಳಿಗೇ ಬೇರೆ ಹೊತ್ತು ಇಟ್ಟಿದ್ದಳು. ಹೀಗೆ ಬೇಕು ಎನ್ನಿಸಿದವಳು ಡಾಕ್ಟರ ಹೆಸರೆತ್ತಬಹುದೇ? ಬೇಕು ಎನ್ನಿಸಿತೆಂಬ ಒಂದೇ ಕಾರಣಕ್ಕೆ ಸುಮ್ಮನಿದ್ದು, ನಾಳೆ ಯಾರದೋ ಕಾಲಮೇಲೆ ಚಕ್ರ ಹತ್ತಿದರೆ? ಎರಡು ಕಡೆಯಿಂದಲೂ ಅವಳು ತಪ್ಪಿತಸ್ಥೆಯೇ. ಹಾಗಾದರೆ ಯಾವ ತಪ್ಪಿನಲ್ಲಿ ಇನ್ನೊಬ್ಬರ ಮೂಳೆ ಮುರಿಯುವುದಿಲ್ಲವೋ ಅದನ್ನೇ ಮಾಡುವುದು. ಸೋಮವಾರ ಆಸ್ಪತ್ರೆಗೆ ಫೋನು ಮಾಡಿದಳು.

ನರ್ಸಮ್ಮನ ಕ್ಲಾಸು ಮುಗಿಸಿ ಅವಳು ಮಧ್ಯಾಹ್ನ ಬಂದಾಗ ಮಾವ ಸ್ಕೂಲಿನ ಮುಂದಿನ ಕೋಣೆಯಲ್ಲಿ, ಆ ರಸ್ತೆ ಚಿಹ್ನೆಗಳ ಪಟವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಇಸ್ತ್ರಿಯಾದ ಅಂಗಿ, ಬಾಚಿದ ಬಿಳಿ ಕೂದಲು. ಹೋಗೋಣವೇ ಎಂದರೆ "ಎಲ್ಲಿಗೆ?" ಎನ್ನಲಿಲ್ಲ, "ನಡಿ ನಡಿ, ನಂಗೇನು ರೆಡಿ ಆಗೋದಿದೆ?" ಎಂದರು. ಈಚೆಗೆ ಅವರು ಪ್ರಶ್ನೆಗಳನ್ನು ಕೇಳುವುದು ಬಿಟ್ಟಿದ್ದರು, ಎಲ್ಲಕ್ಕೂ ಒಂದು ತಮಾಷೆಯ ಉತ್ತರ ಸಿದ್ಧವಿಟ್ಟುಕೊಂಡಿರುತ್ತಿದ್ದರು. ಕೀ ಅವರ ಕೈಗೆ ತಾನಾಗಿ ಹೋಯಿತು. ಅದನ್ನು ತಡೆಯಲು ಅವಳ ಬಳಿ ಯಾವ ಮಾತೂ ಇರಲಿಲ್ಲ, ಕಣ್ಣಿನ ಪರೀಕ್ಷೆಗೆ ಹೋಗುವವನು ಕಾರು ಓಡಿಸಬಾರದೆಂದೇನಿದೆ. ಅವಳು ಕಲಿಸುವವರ ಸೀಟಿನಲ್ಲಿ ಕೂತಳು. ಮಾವ ಕಾರು ತೆಗೆದ ರೀತಿಯನ್ನು ಎಲ್ಲಾದರೂ ಬರೆದಿಡಬೇಕಿತ್ತು: ಒಂದು ಕುಲುಕಿಲ್ಲ, ಗೇರು ಬದಲಾದದ್ದು ಕಿವಿಗೂ ಗೊತ್ತಾಗುವುದಿಲ್ಲ, ಕೈಗಳು ಸ್ಟೀರಿಂಗಿನ ಮೇಲೆ ಬೆಕ್ಕಿನ ಹಾಗೆ ಹಗುರ. ಸಿಗ್ನಲ್ಲಿನಲ್ಲಿ ನಿಂತರು, ಹೊರಟರು, ಲಾರಿಗೆ ದಾರಿ ಬಿಟ್ಟರು. ಅವಳಿಗೆ ಒಮ್ಮೆಲೇ, ಎದೆಯಿಂದ ಒಂದು ಚೀಲ ಇಳಿದ ಹಾಗೆ, ನನಗೇ ಭ್ರಮೆ ಇರಬೇಕು ಎನ್ನಿಸಿತು. ಸಂತೋಷವಾಯಿತು. ಆ ಸಂತೋಷದ ನಡುವೆಯೇ ಸರ್ಕಲ್ಲು ಬಂತು.

ನಾಲ್ಕು ರಸ್ತೆ ಸೇರುವ ದೊಡ್ಡ ಸರ್ಕಲ್ಲು, ನಡುವೆ ನೀರು ನಿಂತುಹೋದ ಕಾರಂಜಿ. ಊರಿನಲ್ಲಿ ಕಾರು ಓಡಿಸುವ ಅರ್ಧ ಜನ ಅದನ್ನು ಮೊದಲು ಸುತ್ತಿದ್ದು ಮೇಷ್ಟ್ರ ಪಕ್ಕದಲ್ಲೇ. ಎರಡನೆಯ ರಸ್ತೆಗೆ ಹೊರಳಬೇಕಿತ್ತು, ಮಾವ ಹೊರಳಲಿಲ್ಲ. ಬೇರೆ ದಾರಿ ಹಿಡಿಯುತ್ತಾರೇನೋ ಎಂದುಕೊಂಡಳು. ಮೂರನೆಯದೂ ಹೋಯಿತು, ತಾವು ಬಂದ ರಸ್ತೆಯೂ ಹೋಯಿತು. ಎರಡನೆಯ ಸುತ್ತಿನಲ್ಲಿ ಅವರ ಮುಖ ನೋಡಿದಳು. ಅದರಲ್ಲಿ ಗಾಬರಿ ಇರಲಿಲ್ಲ. ನಾಟಕದಲ್ಲಿ ಮಾತು ಮರೆತ ನಟ, ಮುಂದಿನದು ತೆರೆಯ ಹಿಂದಿನಿಂದ ಬರುತ್ತದೆಂದು ಕಾಯುವಾಗ ಇಟ್ಟುಕೊಳ್ಳುವಂಥ ಗಂಭೀರ ನಗೆ ಇತ್ತು. 'ಎಡಕ್ಕೆ ಮಾವ' ಎನ್ನಬಹುದಿತ್ತು. ನಾಲಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು, ಹೇಳಿದರೆ ತನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಗುತ್ತದೆ. "ಸರ್ಕಲ್ಲು ಎಷ್ಟು ಚೆನ್ನಾಗಿದೆ, ಇನ್ನೊಂದು ಸುತ್ತು ಹೋಗೋಣ" ಎಂದರು ಮಾವ. ಮೂರನೆಯ ಸುತ್ತಿನಲ್ಲಿ ಸ್ಟೀರಿಂಗನ್ನು ಪಟಕ್ಕನೆ ತಿರುಗಿಸಿದರು, ವಾಹನಗಳು ಒಳಬರುವ ಬದಿಗೆ, ಎದುರಿಗೆ ಬರುತ್ತಿದ್ದ ಟ್ಯಾಕ್ಸಿಯ ಮೂತಿಗೆ. ಅವಳ ಕಾಲು ಅವಳನ್ನು ಕೇಳಲಿಲ್ಲ. ಕಾರು ಮುಗ್ಗರಿಸಿ ನಿಂತಿತು.

ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಹಾಕಿ ಬೈಯಲು ಬಾಯಿ ತೆರೆದವನು, ಮಾವನನ್ನು ಕಂಡು ಅರ್ಧಕ್ಕೇ ನುಂಗಿದ. "ಅಯ್ಯೋ, ಮೇಷ್ಟ್ರಾ? ನಾನು ಮೇಷ್ಟ್ರೇ, ನಿಮ್ಮ ಹತ್ರಾನೇ ಕಲ್ತವನು." ಪಕ್ಕದ ಸೀಟಿನಲ್ಲಿದ್ದ ಅವಳನ್ನೂ ಕಾರಿನ ಎಲ್ ಬೋರ್ಡನ್ನೂ ನೋಡಿ ತನಗೆ ತಾನೇ ಒಂದು ಅರ್ಥ ಮಾಡಿಕೊಂಡ. "ಹೊಸ ಟೀಚರಿಗೆ ಟ್ರೈನಿಂಗಾ? ಬೇಕೂಂತ್ಲೇ ತಪ್ಪು ಮಾಡಿ ನೋಡ್ತಿದ್ರಾ? ಮೇಡಂ ಲೇಟಾಗಿ ಒತ್ತಿದ್ರು ಬ್ರೇಕು." ಮಾವ ಒಂದು ಕ್ಷಣ ತಡೆದು "ಹೂಂ" ಎಂದರು. ಅವಳು ನಗುವ ಪ್ರಯತ್ನ ಮಾಡಿ "ಸಾರಿ" ಎಂದಳು. ಹನ್ನೊಂದು ವರ್ಷ ಕಲಿಸಿದವಳು ನಡುಬೀದಿಯಲ್ಲಿ ಹೊಸಬಳಾದಳು, ಅದನ್ನು ಯಾರೋ ಕೊಟ್ಟ ಶಾಲಿನ ಹಾಗೆ ಮೈಮೇಲೆ ಎಳೆದುಕೊಂಡಳು. ಮಾವ ನಿಧಾನವಾಗಿ ಸರಿಯಾದ ರಸ್ತೆಗೆ ಬಂದು, ಬಾಗಿಲು ಹಾಕಿದ್ದ ಟೈರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದರು. ಕೀ ತಿರುಗಿಸಿದರು.

"ನಿಲ್ಲಿಸ್ತೀನಿ ಅಂತ ಬಾಯಿಬಿಟ್ಟು ಹೇಳಬೇಕಿತ್ತು" ಎಂದರು ಕೊನೆಗೆ, ಎದುರಿನ ರಸ್ತೆಯನ್ನು ನೋಡುತ್ತ.

"ಹೇಳೋಷ್ಟು ಹೊತ್ತಿರ್ಲಿಲ್ಲ ಮಾವ."

"ಇತ್ತು. ಮೂರು ಸುತ್ತು ಹೊತ್ತಿತ್ತು."

ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಚೀಟಿ ತೆಗೆದು ಅವರ ತೊಡೆಯ ಮೇಲಿಟ್ಟಳು. "ನಾವು ಹೋಗ್ತಿರೋದು ಕಣ್ಣಿನ ಡಾಕ್ಟರ ಹತ್ರ ಅಲ್ಲ. ನಾನು ಸುಳ್ಳು ಹೇಳಿದೆ."

ಮಾವ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿರಬೇಕು. "ಚೀಟೀಲಿ ಕೆಂಪು ಕನ್ನಡಕ, ಉದ್ದ ಕುತ್ತಿಗೆ ಅಂತ ಬರೀತೀಯಲ್ಲ, ಅದು ನಂಗೇ ಅಂತ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಮೊದಲು ಸಿಟ್ಟು ಬಂತು. ಆಮೇಲೆ ಅಭ್ಯಾಸ ಆಯ್ತು. ಅಭ್ಯಾಸ ಆದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು." ಚೀಟಿಯನ್ನು ಮಡಿಚಿದರು. "ಸರಿ, ಗೊತ್ತಾಗಿ ಏನಾಗ್ಬೇಕು? ಔಷಧಿ ಇದೆಯಾ?"

"ವಾಸಿ ಮಾಡೋದು ಇಲ್ವಂತೆ. ಕೆಲವರಿಗೆ ಸ್ವಲ್ಪ ಕಾಲ ನಿಧಾನ ಮಾಡುತ್ತಂತೆ. ಕೆಲವು ಸಲ ಇದೇ ಅಲ್ಲದೆ ಬೇರೇನೋ ಇರುತ್ತಂತೆ, ಥೈರಾಯ್ಡು, ವಿಟಮಿನ್ನು ಕಮ್ಮಿ, ಮನಸ್ಸಿಗೆ ಬೇಜಾರು. ಅದಾದ್ರೆ ಸರಿಹೋಗುತ್ತಂತೆ."

"ಎಲ್ಲ ಅಂತೆ ಕಂತೆ. ಹೆಸರಿಟ್ಟ ದಿನ ನನ್ನ ಲೈಸೆನ್ಸು ಹೋಗುತ್ತೆ, ಅದು ಮಾತ್ರ ಅಂತೆ ಅಲ್ಲ. ಸ್ಕೂಲು ನಿಂದಾಗುತ್ತೆ."

ಇಲ್ಲ ಮಾವ, ಹಾಗೇನಿಲ್ಲ ಎಂಬ ಮಾತು ಸಿದ್ಧವಾಗಿತ್ತು. ಯಾವ ಸೊಸೆಯಾದರೂ ಹೇಳುವಂಥದ್ದು. ಆದರೆ ಒಂದು ದಿನಕ್ಕೆ ಸುಳ್ಳು ಸಾಕಾಗಿತ್ತು. "ಸ್ಕೂಲು ಬೇಕು ಅಂತ ನಂಗೆ ಅನ್ನಿಸಿದೆ ಮಾವ. ಬೋರ್ಡಿಗೆ ಯಾವ ಬಣ್ಣ ಅಂತಾನೂ ಯೋಚಿಸಿದೀನಿ. ಅದು ನಿಜ. ಆದ್ರೆ ಅದಕ್ಕೋಸ್ಕರ ಈ ಚೀಟಿ ಮಾಡಿಸ್ಲಿಲ್ಲ. ಅದೂ ನಿಜ. ಎರಡೂ ನಿಜ ಆದ್ರೆ ನಾನೇನು ಮಾಡ್ಲಿ?"

ಮಾವ ಅವಳ ಕಡೆ ತಿರುಗಿ ನೋಡಿದರು. ಬೆಳಗಿನಿಂದ ಮೊದಲನೆಯ ಸಲ ಅವರ ಮುಖದಲ್ಲಿ ನಾಟಕವಿಲ್ಲದ ನಗು ಬಂತು. "ಇಷ್ಟು ಹೇಳೋಕೆ ಎಂಟು ತಿಂಗಳಾ? ಸುಮ್ನೆ ಇಡಲಿಲ್ಲ ನಿಂಗೆ ಸೆಕೆಂಡ್ ಗೇರು ಅಂತ." ಕಾರಿನಿಂದ ಇಳಿದು ಸುತ್ತಿ ಬಂದು ಅವಳ ಬಾಗಿಲು ತೆರೆದರು. "ಮನೆಗೆ ನಡಿ. ನೀನೇ ಓಡಿಸು. ಡಾಕ್ಟರು ಇವತ್ತು ಬೇಡ."

ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು ಹಲ್ಲಿನ ಆಸ್ಪತ್ರೆಗಳಿಗೆ ಕೃತಕ ಹಲ್ಲು ಮಾಡಿಕೊಡುವವನು. ಹಿಂದಿನ ಕೋಣೆಯ ಕಿಟಕಿಯ ಬಳಿ, ಯಾರದೋ ಮೇಲ್ದವಡೆಯನ್ನು ಕೈಯಲ್ಲಿ ಹಿಡಿದು ಉಜ್ಜುತ್ತಿದ್ದ. ಸರ್ಕಲ್ಲಿನ ಮಾತು ಬಂದಾಗ ಉಜ್ಜುವುದು ನಿಂತಿತು. "ನಂಗೂ ಗೊತ್ತು ಕಣೆ" ಎಂದ. "ಹೋದ ತಿಂಗಳು ಅಪ್ಪ ನನ್ನನ್ನ ಚಿಕ್ಕಪ್ಪನ ಹೆಸರು ಹಿಡಿದು ಕರೆದ್ರು. ಓ ಅಂದೆ. ಗೊತ್ತಿದ್ರೂ ಗೊತ್ತಿಲ್ಲ ಅಂತ ಇರಬಹುದು. ಡಾಕ್ಟರು ಹೇಳಿದ್ಮೇಲೆ ಹಾಗಿರೋಕಾಗಲ್ಲ." ಆ ಗುಲಾಬಿ ಒಸಡಿನ ಹಲ್ಲುಗಳು ಅವನ ಅಂಗೈಯಲ್ಲಿ ನಗುತ್ತಲೇ ಇದ್ದವು. ಊಟದ ಮೇಜಿನಲ್ಲಿ ನೀನು ಸುಮ್ಮನಿದ್ದೆ ಎಂದು ಅವಳು ಹೇಳಬೇಕೆಂದಿದ್ದಳು, ಹೇಳಲಿಲ್ಲ. ಅವನೇ ಹೇಳಿದ. "ಅವತ್ತು ಅಕ್ಕನ ಮುಂದೆ ನಾನು ಬಾಯಿ ಬಿಡಬೇಕಿತ್ತು."

ಮರುದಿನ ಬೆಳಿಗ್ಗೆ ಎಂಟಕ್ಕೆ, ಕ್ಲಾಸುಗಳು ಶುರುವಾಗುವ ಮೊದಲು, ಮಾವ ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು ಸ್ಕೂಲಿನಲ್ಲಿ ಕೂತಿದ್ದರು. ಮುಂದೆ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಕಾಗದ. ಪರೀಕ್ಷೆಗೆ ಹೋಗುವ ಮುಂಚೆ ಕಲಿತವರನ್ನು ಒಂದು ಸಲ ಕೂರಿಸಿ ನೋಡಲು ಮಾವನೇ ಎಷ್ಟೋ ವರ್ಷದ ಹಿಂದೆ ಮಾಡಿದ್ದ ಮೂವತ್ತು ಅಂಶಗಳ ಪಟ್ಟಿ. ಇಪ್ಪತ್ತೈದು ಸರಿಯಿದ್ದರೆ ಪಾಸು. ಮೇಲೆ ಹೆಸರು ಬರೆಯುವಲ್ಲಿ ತಮ್ಮ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. "ನನ್ನ ಟೆಸ್ಟು ತಗೋ" ಎಂದರು. "ಸೊಸೆಯಾಗಿ ಅಲ್ಲ. ನಾನು ಬೇರೆಯವರಿಗೆ ಹೇಗೆ ತಗೋತಿದ್ನೋ ಹಾಗೆ. ದಾರಿ ಒಂದೇ ಸಲ ಹೇಳು, ಎರಡನೇ ಸಲ ಕೇಳಿದ್ರೆ ಮಾರ್ಕು ಕಟ್."

ಅವಳು ಹಲಗೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು, ಕಾಲನ್ನು ಬ್ರೇಕಿನ ಮೇಲೆ ಇಟ್ಟಳು, ಇಟ್ಟಿದ್ದೇನೆ ಎಂದು ಹೇಳಿದಳು. ಆಮೇಲಿನ ನಲವತ್ತು ನಿಮಿಷ ಅವಳ ಬದುಕಿನಲ್ಲೇ ಉದ್ದವಾದವು. ಮಾವ ಕಾರನ್ನು ಎರಡು ವ್ಯಾನುಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದ ರೀತಿಗೆ ಮೂವತ್ತರಲ್ಲಿ ಮೂವತ್ತೂ ಕೊಡಬಹುದಿತ್ತು. ಏರಿನಲ್ಲಿ ಒಂದು ಕೂದಲೆಳೆ ಹಿಂದೆ ಸರಿಯಲಿಲ್ಲ. ಅವಳ ಪೆನ್ಸಿಲು ಸಂತೋಷದಿಂದ ಗುರುತು ಹಾಕುತ್ತ ಹೋಯಿತು. ಆಮೇಲೆ ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದರು. ಅಂಚೆ ಕಚೇರಿಯ ಮುಂದೆ ದಾರಿ ಯಾವುದೆಂದು ಕೇಳಿದರು, ಎರಡು ನಿಮಿಷದ ಮೇಲೆ ಮತ್ತೆ ಕೇಳಿದರು. ಯಾರೂ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ಸುಮ್ಮನೆ ನಿಂತರು, ಮುಂದಿನದರಲ್ಲಿ ಹೆಂಗಸೊಬ್ಬಳು ಮಗುವಿನ ಗಾಡಿ ತಳ್ಳುತ್ತ ಕಾಲಿಟ್ಟಾಗ ನಿಲ್ಲಲಿಲ್ಲ. "ನಿಲ್ಲಿಸ್ತೀನಿ ಮಾವ" ಎಂದು ಅವಳು ಹೇಳಿದಳು. ಹೇಳಿಯೇ ಒತ್ತಿದಳು. ಮಾವ ಬೆವರಿದ್ದರು. ಸ್ಟೀರಿಂಗಿನ ಮೇಲಿನ ಕೈಗಳು ಈಗ ಹಗುರವಾಗಿರಲಿಲ್ಲ, ಕಲಿಯುವವರ ಕೈಗಳ ಹಾಗೆ ಗಂಟು ಬಿಗಿದಿದ್ದವು. ಸ್ಕೂಲಿನ ಮುಂದೆ ಬಂದು ನಿಂತಾಗ ಅವಳು ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಹದಿನೇಳು. ಒಂದೆರಡು ಗುರುತು ಅಳಿಸಿ ತಿದ್ದಿದರೂ ಇಪ್ಪತ್ತೈದಕ್ಕೆ ಹೋಗುವ ಹಾಗಿರಲಿಲ್ಲ, ಅದಕ್ಕಾಗಿ ಅವಳು ಯಾರಿಗೋ ಕೃತಜ್ಞಳಾದಳು. ಸುಳ್ಳು ಹೇಳುವ ದಾರಿಯೇ ಇರಲಿಲ್ಲ. ಕೆಳಗೆ ಫೇಲ್ ಎಂದು ಬರೆದು, ಸಹಿ ಮಾಡಿ, ಹಲಗೆಯನ್ನು ಅವರಿಗೆ ಕೊಟ್ಟಳು.

ಮಾವ ಒಂದೊಂದೇ ಸಾಲು ಬೆರಳಿಟ್ಟು ಓದಿದರು. "ಇಲ್ಲಿ ಒಂದು ಜಾಸ್ತಿ ಕೊಟ್ಟಿದೀಯಾ. ಹೊರಡೋವಾಗ ನಾನು ಕನ್ನಡಿ ನೋಡ್ಲಿಲ್ಲ."

"ನೋಡಿದ್ರಿ ಮಾವ."

"ತಲೆ ತಿರುಗಿಸಿದೆ. ನೋಡ್ಲಿಲ್ಲ. ಹದಿನಾರು." ಪೆನ್ಸಿಲು ಕೇಳಿ ಇಸಿದುಕೊಂಡು ತಾವೇ ತಿದ್ದಿದರು. ಆಮೇಲೆ ಕನ್ನಡಕ ತೆಗೆದು ಮೂಗಿನ ಬುಡವನ್ನು ಒತ್ತಿ ಹಿಡಿದು ಕೂತರು. ಅವಳು ರಸ್ತೆಯ ಕಡೆ ನೋಡಿದಳು. ಅವರು ಅಳುವುದನ್ನು ನೋಡದಿರುವುದು ಅವಳಿಂದ ಆಗುವ ಒಂದೇ ಮರ್ಯಾದೆಯಾಗಿತ್ತು. "ಮೂವತ್ತೆಂಟು ವರ್ಷದಲ್ಲಿ ಎಷ್ಟೋ ಜನಕ್ಕೆ ಫೇಲು ಅಂದಿದೀನಿ" ಎಂದರು ಕೊನೆಗೆ. "ಯಾಕೆ ಅಂತ ಹೇಳದೆ ಒಬ್ಬರನ್ನೂ ಮನೆಗೆ ಕಳಿಸಿಲ್ಲ. ಬರೀ ಫೇಲು ಅಂದ್ರೆ ಅದು ಬೈದ ಹಾಗೆ. ಯಾಕೆ ಅಂತ ನಂಗೂ ಗೊತ್ತಾಗ್ಬೇಕು. ಆಸ್ಪತ್ರೆಗೆ ಫೋನು ಮಾಡು. ನನ್ನೆದುರೇ ಮಾಡು."

ಅವಳು ಅಲ್ಲೇ ಫೋನು ಮಾಡಿದಳು. ನಿನ್ನೆ ಬರಲಾಗಲಿಲ್ಲ, ಇನ್ನೊಂದು ದಿನ ಕೊಡಿ, ರೋಗಿ ತಾವೇ ಬರಲು ಒಪ್ಪಿದ್ದಾರೆ ಎಂದಳು. ರೋಗಿ ಎಂಬ ಮಾತು ಬಂದಾಗ ಮಾವ ಹುಬ್ಬೇರಿಸಿದರು, ಆದರೆ ತಿದ್ದಲಿಲ್ಲ. ಅವತ್ತಿನಿಂದ ಮಾವ ಕಾರು ಓಡಿಸಲಿಲ್ಲ. ಅವರ ಬಳಿ ಕಲಿಯುತ್ತಿದ್ದವರ ಕ್ಲಾಸುಗಳನ್ನು ಅವಳು ಬೆಳಿಗ್ಗೆ ಬೇಗ ಬಂದು ಮುಗಿಸುತ್ತಿದ್ದಳು. ಚೀಟಿಯಲ್ಲಿ ಬರೀ ಹೆಸರುಗಳಿದ್ದವು.

ಆಸ್ಪತ್ರೆಗೆ ಮೂರು ಸಲ ಹೋಗಬೇಕಾಯಿತು. ಮೊದಲ ಸಲ ರಕ್ತ ಕೊಟ್ಟು ಪ್ರಶ್ನೆಗಳಿಗೆ ಉತ್ತರಿಸಿದರು, ಎರಡನೆಯ ಸಲ ತಲೆಯ ಸ್ಕ್ಯಾನು. ಡಾಕ್ಟರು ಮೂವತ್ತು ದಾಟಿರದ ಹುಡುಗಿ. ಮಾವನ ಪಕ್ಕದಲ್ಲಿ ಮಗ, ಸೊಸೆ ಇಬ್ಬರೂ ಕೂತಿದ್ದರೂ ಮಾವನನ್ನೇ ನೋಡಿ ಮಾತಾಡುತ್ತಿದ್ದಳು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ ಎಂಬತ್ತಾರರಲ್ಲಿ ಸಿಕ್ಕಿಬಿದ್ದು, "ಇದು ಚಿಕ್ಕಂದಿನಲ್ಲೂ ನಂಗೆ ಬರ್ತಿರ್ಲಿಲ್ಲ, ಅದನ್ನೂ ಬರ್ಕೊಳ್ಳಿ" ಎಂದರು ಮಾವ. ಐದು ಪದ ಹೇಳಿ ಐದು ನಿಮಿಷದ ಮೇಲೆ ಕೇಳಿದಾಗ ಎರಡು ನೆನಪಿದ್ದವು. ಗಂಡ ತನ್ನ ಮಂಡಿಯ ಮೇಲೆ ಐದೂ ಬೆರಳು ಮಡಿಚಿ, ಉಳಿದ ಮೂರು ಪದಗಳನ್ನು ಅಪ್ಪನಿಗೆ ಕಣ್ಣಿನಲ್ಲೇ ಹೇಳಿಕೊಡಲು ನೋಡುತ್ತಿದ್ದುದು ಅವಳಿಗೆ ಕಂಡಿತು. ಅವಳು ಅವನ ಕೈಮೇಲೆ ಕೈಯಿಟ್ಟಳು. ಮೂರನೆಯ ಸಲ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಥೈರಾಯ್ಡು ಅಲ್ಲ, ವಿಟಮಿನ್ನು ಅಲ್ಲ. ಕಾಯಿಲೆಗೆ ಒಂದು ಹೆಸರು ಹೇಳಿದಳು, ಶುರುವಿನ ಹಂತ ಎಂದಳು, ಮಾತ್ರೆ ಇದೆ, ಅದರಿಂದ ಸ್ವಲ್ಪ ಸಹಾಯವಾಗಬಹುದು, ಹೆಚ್ಚಿನದನ್ನು ನಿರೀಕ್ಷಿಸಬೇಡಿ ಎಂದಳು.

"ಎಷ್ಟು ದಿನ?" ಎಂದರು ಮಾವ.

"ಒಬ್ಬೊಬ್ಬರಿಗೆ ಒಂದೊಂದು ಥರ ಸರ್. ದಿನಗಳ ಲೆಕ್ಕ ಅಲ್ಲ, ವರ್ಷಗಳದು. ಈಗ ನಿಮ್ಮ ವಿಷಯ ನೀವೇ ತೀರ್ಮಾನ ಮಾಡೋ ಸ್ಥಿತೀಲಿದೀರಿ. ಅದನ್ನ ಉಪಯೋಗಿಸ್ಕೊಳ್ಳಿ."

"ಕಾರು?"

"ಬೇಡ ಸರ್."

"ಅದು ನಿಮಗಿಂತ ಮುಂಚೆ ಇವಳು ಹೇಳಿದಾಳೆ" ಎಂದು ಮಾವ ಸೊಸೆಯ ಕಡೆ ಗದ್ದ ತೋರಿಸಿದರು. ಆ ದನಿಯಲ್ಲಿ ದೂರಿರಲಿಲ್ಲ. ತಮ್ಮ ಕೈಕೆಳಗೆ ಕಲಿತವಳು ಪರೀಕ್ಷಕರ ಮುಂದೆ ಚೆನ್ನಾಗಿ ಓಡಿಸಿದಾಗ ಇರುವಂಥ ದನಿ ಅದು. ಅವಳ ಬೆನ್ನು ನೆಟ್ಟಗಾಯಿತು.

ಗಂಡ ಮಾತ್ರೆ ತರಲು ಕೆಳಗೆ ಹೋದ. ಮಾವ, ಅವಳು ಮೂರನೆಯ ಮಹಡಿಯ ಓಣಿಯ ಬೆಂಚಿನಲ್ಲಿ ಕೂತರು. ಮಾವ ಮೊದಲು 'ಮಗಳಿಗೆ ನಾನೇ ಹೇಳ್ತೀನಿ' ಎಂದು ಫೋನು ತೆಗೆದುಕೊಂಡರು. ಆ ಕಡೆಯಿಂದ ಅತ್ತಿಗೆಯ ಅಳು ಬೆಂಚಿನ ಈ ತುದಿಗೂ ಕೇಳಿಸಿತು. "ಅಳು, ಅಳೋದಿದ್ರೆ ಅತ್ತು ಮುಗಿಸು, ನಾನು ಕಾಯ್ತೀನಿ" ಎಂದು ಮಾವ ನಿಜವಾಗಿಯೂ ಕಾದರು. ಆಮೇಲೆ, "ಸ್ಕೂಲು ಇವಳಿಗೆ ಕೊಟ್ಟೆ ಅಂತ ತಿಳ್ಕೋಬೇಡ. ಎಂಟು ತಿಂಗಳಿಂದ ನಡೆಸ್ತಿರೋದೇ ಇವಳು. ನಂಗೆ ಹೇಳಿರ್ಲಿಲ್ಲ ಅಷ್ಟೆ. ನೀನು ಇವಳಿಗೆ ಫೋನು ಮಾಡಿ ಮಾತಾಡ್ಬೇಕು. ಇವತ್ತಲ್ಲದಿದ್ರೆ ನಾಳೆ" ಎಂದರು. ಅತ್ತಿಗೆ ಹೂಂ ಎಂದಳೋ ಇಲ್ಲವೋ ತಿಳಿಯಲಿಲ್ಲ. ಇಷ್ಟು ವರ್ಷ ಬೇಕೆಂದುಕೊಂಡಿದ್ದ ಸ್ಕೂಲು ಹೀಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೈಗೆ ಬಂದಾಗ ಏನೋ ಒಂದು ಅನ್ನಿಸಬೇಕಿತ್ತು. ನಾಳೆ ಬೆಳಿಗ್ಗೆ ಆರೂವರೆಗೆ ಇಬ್ಬರಿದ್ದಾರೆ, ಒಬ್ಬರಿಗೆ ಏರು ಕಲಿಸಬೇಕು ಎಂಬುದಷ್ಟೇ ಅವಳಿಗೆ ನೆನಪಾಯಿತು.

"ಕಾಗದ ಇದೆಯಾ?" ಎಂದರು ಮಾವ. ಅವಳು ಆಸ್ಪತ್ರೆಯ ಫೈಲಿನಿಂದ ಒಂದು ಖಾಲಿ ಹಾಳೆ ತೆಗೆದಳು. "ಬರ್ಕೋ. ಮುಂದೆ ಒಂದು ದಿನ ನಾನು ಕೀ ಕೊಡು ಅಂತ ಜಗಳ ಆಡ್ತೀನಿ. ನಂಗೇನೂ ಆಗಿಲ್ಲ, ನೀವೆಲ್ಲ ಸೇರಿ ಮೋಸ ಮಾಡಿದ್ರಿ ಅಂತೀನಿ. ನಿನ್ನನ್ನ ಕೆಟ್ಟದಾಗಿ ಬೈಬಹುದು. ಆಗ ಕೀ ಕೊಡಬೇಡ." ಅವಳು ಬರೆಯುತ್ತಿದ್ದಳು. ಓಣಿಯಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು, ಮಾವ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. "ಹಾಗೆ ಕೇಳೋನು ಬೇರೆ ಯಾರೋ ಅಲ್ಲ, ಅವನೂ ನಾನೇ. ಅದಕ್ಕೆ ಅವನ್ನ ಬೈಬೇಡ. ಎದುರು ವಾದ ಮಾಡಬೇಡ. ಅವನಿಗೆ ಈ ಕಾಗದ ತೋರಿಸಿದ್ರೆ ನಂಬಲ್ಲ, ತೋರಿಸಬೇಡ. ಇದು ಅವನಿಗಲ್ಲ. ನಿಂಗೆ. ಅವತ್ತು ನೀನು ಬಚ್ಚಲಲ್ಲಿ ನಿಂತು, ನಾನು ತಪ್ಪು ಮಾಡ್ತಿದೀನಾ ಅಂತ ಅಂದ್ಕೋತೀಯಲ್ಲ, ಆಗ ಓದ್ಕೊಳ್ಳೋಕೆ."

"ಬರ್ದೆ ಮಾವ" ಎಂದಳು ಅವಳು.

"ಓದು."

ಓದಿದಳು. ಮಾವ ತಲೆಯಾಡಿಸುತ್ತ ಕೇಳಿದರು. "ಎದುರು ವಾದ ಮಾಡಬೇಡ ಅನ್ನೋದರ ಕೆಳಗೆ, ಕಾಫಿ ಮಾಡಿಕೊಡು ಅಂತ ಸೇರಿಸು" ಎಂದರು. ಸೇರಿಸಿದಳು. ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಅದರ ಕೆಳಗೆ ಪೆನ್ನು ತಡೆಯಿತು. ಮಾವ ತಲೆಯೆತ್ತಿದರು. ಯಾವ ತಮಾಷೆಯನ್ನೂ ಮುಂದೆ ಮಾಡದೆ, ದಾರಿಹೋಕರನ್ನು ದಾರಿ ಕೇಳುವಷ್ಟು ಸಲೀಸಾಗಿ ಕೇಳಿದರು.

"ಇವತ್ತು ತಾರೀಖು ಎಷ್ಟು?"

ಅವಳು ಹೇಳಿದಳು. ಮಾವ ಬರೆದುಕೊಂಡರು.